ಪರದೆಯ ಮೇಲಿನ ವರಹ

ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸ ನನಗಿದೆ ಎಂದು ಬಲ್ಲ ಬಂಧುಗಳು, ಸ್ನೇಹಿತರು, ಆ ಸ್ನೇಹಿತರ ಸ್ನೇಹಿತರು ನನ್ನ ಫೋನಿಗೆ ಚಿತ್ರಗಳನ್ನು ಕಳುಹಿಸುತ್ತಲೇ ಇರುತ್ತಾರೆ. ಯಾವುದೋ ಜಾಲತಾಣದಲ್ಲಿ ಇಂಥದ್ದೊಂದು ಮಾರಾಟಕ್ಕಿದೆ, ಬೆಲೆ ಇಷ್ಟು ಹೇಳುತ್ತಿದ್ದಾರೆ, ಕೊಳ್ಳಬಹುದೇ ಎಂಬ ಪ್ರಶ್ನೆ ಜೊತೆಗಿರುತ್ತದೆ. ಕಂಪನಿ ಕಾಲದ ತಾಮ್ರದ ಬಿಲ್ಲೆ, ಟಿಪ್ಪುವಿನ ಆನೆ ಪೈಸೆ, ವಿಜಯನಗರದ ಚಿನ್ನದ ಅರ್ಧ ವರಹ, ವಿಕ್ಟೋರಿಯಾ ರಾಣಿಯ ರೂಪಾಯಿ, ಹೀಗೆ ಎಲ್ಲ ಬಗೆಯವೂ ಬರುತ್ತವೆ. ಅವುಗಳಲ್ಲಿ ಬಹುಪಾಲು ನಕಲಿ. ವರ್ಷಗಳಿಂದ ಇವನ್ನು ನೋಡುತ್ತ ಬಂದ ಮೇಲೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿದೆ. ಲೋಹ, ಕಾಲ, ದೊರೆ, ಬೆಲೆ ಎಲ್ಲ ಬೇರೆ ಬೇರೆಯಾಗಿದ್ದರೂ ಈ ನಕಲಿ ನಾಣ್ಯಗಳೆಲ್ಲ ಒಂದು ಗುಣದಲ್ಲಿ ಅಣ್ಣತಮ್ಮಂದಿರು. ಅವುಗಳ ಮೇಲೆ ಯಾವ ಗುರುತೂ ಕಾಣೆಯಾಗಿರುವುದಿಲ್ಲ. ದೇವರ ಮುಖ, ದೊರೆಯ ಹೆಸರು, ಇಸವಿ, ಅಂಚಿನ ಸುತ್ತಿನ ಚುಕ್ಕಿಗಳ ಸಾಲು, ಎಲ್ಲವೂ ಬಿಲ್ಲೆಯ ನಡುಮಧ್ಯೆ ಸರಿಯಾಗಿ ಕೂತಿರುತ್ತವೆ. ನಾಣ್ಯಶಾಸ್ತ್ರದ ಗಂಧವಿಲ್ಲದವರೂ ಮೊದಲ ನೋಟಕ್ಕೇ ಓದಿಬಿಡುವಷ್ಟು ಅವು ಸ್ಪಷ್ಟವಾಗಿರುತ್ತವೆ.

ನಿಜವಾದ ಹಳೆಯ ನಾಣ್ಯ ಅಷ್ಟು ಸುಲಭವಾಗಿ ಮಾತನಾಡುವುದಿಲ್ಲ. ಅದರಲ್ಲಿ ಅರ್ಧ ಅಕ್ಷರ ಅಂಚಿನಾಚೆ ಹೋಗಿರುತ್ತದೆ, ಆನೆಗೆ ಬಾಲವಿರುವುದಿಲ್ಲ, ಇಸವಿಯ ಒಂದು ಅಂಕಿ ಬಿದ್ದೇ ಇರುವುದಿಲ್ಲ. ನಕಲಿ ಮಾಡುವವನು ಕೊಳ್ಳುವವರ ಮನಸ್ಸನ್ನು ಚೆನ್ನಾಗಿ ಓದಿರುತ್ತಾನೆ; ಚರಿತ್ರೆ ಹೀಗೆಯೇ ಇದ್ದಿರಬೇಕೆಂದು ನಾವು ಬಯಸುತ್ತೇವೋ ಹಾಗೆಯೇ ಅವನು ಅಚ್ಚು ಕೊರೆಸುತ್ತಾನೆ. ಈ ಕಾರಣದಿಂದ, ಅಂತರ್ಜಾಲದಲ್ಲಿ ನಾಣ್ಯ ಕೊಳ್ಳುವಾಗ ಮೋಸಹೋಗದಿರುವ ವಿದ್ಯೆ ಲೋಹದ ಪರೀಕ್ಷೆಗಿಂತ ಮುಂಚೆಯೇ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ. ಈ ನಾಣ್ಯದಲ್ಲಿ ನನಗೆ ಇಷ್ಟವಾದದ್ದು ಯಾವುದು, ಅದನ್ನು ನನಗೆ ಇಷ್ಟವಾಗಲೆಂದೇ ಯಾರಾದರೂ ಇಟ್ಟಿರಬಹುದೇ ಎಂದು ಮೊದಲು ಕೇಳಿಕೊಳ್ಳಬೇಕು.

ಮೇಷ್ಟ್ರು ತಂದ ನಾಣ್ಯ

ನಮ್ಮ ಬೀದಿಯಲ್ಲಿ ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರಿದ್ದಾರೆ. ಒಂದು ಸಂಜೆ ಅವರು ಕುಂಕುಮದ ಭರಣಿಯೊಳಗೆ ಹತ್ತಿ ಹಾಸಿ, ಅದರ ಮೇಲೆ ಒಂದು ತಾಮ್ರದ ನಾಣ್ಯವನ್ನಿಟ್ಟುಕೊಂಡು ಬಂದರು. ಅದರ ಒಂದು ಮಗ್ಗುಲಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಅರ್ಧ ಆಣೆ ಎಂಬ ಮೌಲ್ಯ, 1818 ಎಂಬ ಇಸವಿ ಇದ್ದವು. ಇನ್ನೊಂದು ಮಗ್ಗುಲಲ್ಲಿ ರಾಮ, ಸೀತೆ, ಲಕ್ಷ್ಮಣ, ಕಾಲ ಬಳಿ ಹನುಮಂತ. ಮಗಳ ಫೋನಿನ ಮೂಲಕ ತರಿಸಿಕೊಂಡಿದ್ದರು. ಕೊಟ್ಟ ಹಣ ಅವರ ಪಿಂಚಣಿಯ ಲೆಕ್ಕದಲ್ಲಿ ಸಣ್ಣದಾಗಿರಲಿಲ್ಲ. “ನೋಡಪ್ಪ, ಕಂಪನಿಯವರೂ ರಾಮನಿಗೆ ಕೈಮುಗಿದೇ ಈ ನೆಲದಲ್ಲಿ ವ್ಯಾಪಾರ ಮಾಡಿದ್ದು ಅಂತ ಇದರಲ್ಲೇ ಗೊತ್ತಾಗುತ್ತೆ” ಎಂದರು. ಅವರ ದನಿಯಲ್ಲಿದ್ದ ಸಂತೋಷವನ್ನು ಕೇಳಿ ನನಗೆ ತಕ್ಷಣ ಮಾತು ಹೊರಡಲಿಲ್ಲ.

ಈ ನಾಣ್ಯವನ್ನು ಬಲ್ಲವರಿಗೆ ಅದರ ಕಥೆ ಹೊಸದಲ್ಲ. 1818ರ ಇಸವಿ ಹೊತ್ತ ಇಂತಹ ರಾಮನ ಅರ್ಧ ಆಣೆಯನ್ನು ಕಂಪನಿ ಯಾವ ಟಂಕಸಾಲೆಯಲ್ಲಿಯೂ ಅಚ್ಚು ಹಾಕಿಸಲಿಲ್ಲ. ಕಂಪನಿಯ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ಮಾದರಿಯ ನಾಣ್ಯಗಳು ಬಂದದ್ದೇ 1835ರಲ್ಲಿ. ಈ ರಾಮ ನಾಣ್ಯಗಳು, ಇವುಗಳ ಜೊತೆಯ ಹನುಮಂತ, ಲಕ್ಷ್ಮಿ, ಓಂಕಾರದ ನಾಣ್ಯಗಳು ಎಲ್ಲವೂ ಬಹಳ ಈಚಿನ ತಯಾರಿಕೆಗಳು. ನಕಲಿ ಎಂಬ ಪದ ಕೂಡ ಇವಕ್ಕೆ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ನಕಲು ಮಾಡಲು ಅಸಲೇ ಇರಲಿಲ್ಲ. ಇವುಗಳಿಗೆ ಅಕ್ಕಿಯನ್ನು ಸೆಳೆಯುವ ಶಕ್ತಿಯಿದೆ ಎಂಬ ಕಥೆಯನ್ನೂ ಹೆಣೆದು ಮೋಸ ಮಾಡುವವರಿದ್ದಾರೆ; ಅವರಿಂದ ಲಕ್ಷಾಂತರ ರೂಪಾಯಿ ಕಳೆದುಕೊಂಡ ಕುಟುಂಬಗಳ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತಲೇ ಇರುತ್ತೇವೆ. ಅದು ಬೇರೆಯೇ ಅಪರಾಧ. ಅಂಥವರು ನಾಣ್ಯ ಮಾರುವವರೂ ಅಲ್ಲ, ಅವರ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಮೇಷ್ಟ್ರಿಗೆ ನಾನು ಇದನ್ನು ನಿಧಾನವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಇದು ಪೂಜೆಗೂ ಬರೋದಿಲ್ವೇನಪ್ಪ?” ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ರಾಮಟಂಕಿಗಳಿಗೆ ನಮ್ಮಲ್ಲಿ ದೀರ್ಘವಾದ ಇತಿಹಾಸವಿದೆ. ಪಟ್ಟಾಭಿಷೇಕದ ರಾಮನನ್ನು ಮುದ್ರಿಸಿದ ಬಿಲ್ಲೆಗಳನ್ನು ಪೂಜೆಗೆಂದೇ ಮಾಡಿಸುತ್ತಿದ್ದರು, ಜನ ಅವನ್ನು ದೇವರ ಮನೆಯಲ್ಲಿಟ್ಟುಕೊಳ್ಳುತ್ತಿದ್ದರು, ಅವು ಚಲಾವಣೆಯ ಹಣವೆಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. “ಮೇಷ್ಟ್ರೇ, ಪೂಜೆಗೆ ಏನೂ ಅಡ್ಡಿಯಿಲ್ಲ. ರಾಮ ಸುಳ್ಳಲ್ಲ. ಆ ಕಂಪನಿಯ ಹೆಸರು, ಆ ಇಸವಿ, ನಿಮ್ಮಿಂದ ತೆಗೆದುಕೊಂಡ ಬೆಲೆ, ಇವಿಷ್ಟೇ ಸುಳ್ಳು” ಎಂದೆ. ಆಮೇಲೆ ನನ್ನ ಪುಸ್ತಕದಲ್ಲಿ ಮದರಾಸು ಪ್ರೆಸಿಡೆನ್ಸಿಯ ಮೂರು ಸ್ವಾಮಿ ವರಹದ ಚಿತ್ರವನ್ನು ತೆಗೆದು ತೋರಿಸಿದೆ. ನಡುವೆ ವೆಂಕಟೇಶ್ವರ, ಎರಡು ಕಡೆ ದೇವಿಯರು, ಹಿಂಬದಿಯಲ್ಲಿ ಬರೀ ಮಣಿಮಣಿಯಾದ ಮೈ, ಒಂದು ಅಕ್ಷರವೂ ಇಲ್ಲ. ಇದು ಕಂಪನಿಯವರೇ ಹೊರಡಿಸಿದ ಚಿನ್ನದ ನಾಣ್ಯ. 1807–08ರ ಸುಮಾರಿನಲ್ಲಿ ಅದೇ ಮದರಾಸಿನಿಂದ ಗೋಪುರವಿರುವ ಬೆಳ್ಳಿಯ ಅರ್ಧ ವರಹವೂ ಬಂತು, ಅದರ ಹಿಂದೆ ವಿಷ್ಣುವಿದ್ದಾನೆ. ನಮ್ಮ ಹೈದರಾಲಿಯ ವರಹವನ್ನೂ ತೋರಿಸಿದೆ: ಒಂದು ಕಡೆ ಶಿವಪಾರ್ವತಿಯರು, ಇನ್ನೊಂದು ಕಡೆ ಹೈದರನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ. ಹಿಂದಿನಿಂದ ಜನ ಯಾವ ನಾಣ್ಯವನ್ನು ನಂಬಿ ಕೈಬದಲಿಸುತ್ತಿದ್ದರೋ ಅದರ ರೂಪವನ್ನು ಕೆಡಿಸಬಾರದೆಂಬ ವ್ಯವಹಾರ ಜ್ಞಾನ ಹೈದರನಿಗೂ ಇತ್ತು, ಕಂಪನಿಗೂ ಇತ್ತು.

ಆ ಪುಟವನ್ನು ಮೇಷ್ಟ್ರು ಬಹಳ ಹೊತ್ತು ನೋಡಿದರು. ನನಗೆ ಅಂದು ಹೊಳೆದದ್ದು ಇಷ್ಟು. ನಿಜವಾದ ಚರಿತ್ರೆಯಲ್ಲಿ ಕಂಪನಿಯೂ ದೇವರೂ ಒಂದೇ ನಾಣ್ಯದ ಮೇಲೆ ಕೂಡಿದ್ದಾರೆ. ಆದರೆ ಅದನ್ನು ಅರಿಯಲು ಮದರಾಸಿನ ಮಾರುಕಟ್ಟೆ, ವರಹದ ಚಲಾವಣೆ, 1818ರಲ್ಲಿ ಅಲ್ಲಿ ವರಹದ ಜಾಗಕ್ಕೆ ರೂಪಾಯಿ ಬಂದ ಬಗೆ, ಇವನ್ನೆಲ್ಲ ತಿಳಿಯಬೇಕಾಗುತ್ತದೆ. ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದ ಕಂಪನಿಯ ಹೆಸರು ಮತ್ತು ಕ್ಯಾಲೆಂಡರಿನಲ್ಲಿರುವಂತಹ ರಾಮನ ಚಿತ್ರ ಆ ಶ್ರಮವನ್ನೆಲ್ಲ ತಪ್ಪಿಸುತ್ತವೆ. ಅವು ಕೊಳ್ಳುವವನಿಂದ ಏನನ್ನೂ ಬೇಡುವುದಿಲ್ಲ.

ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು

ವಿಜಯನಗರದ ಅರ್ಧ ವರಹವನ್ನು ಕೈಯಲ್ಲಿ ಹಿಡಿದವರಿಗೆ ಅದು ಎಷ್ಟು ಚಿಕ್ಕದೆಂದು ಗೊತ್ತು. ತೂಕ ಸುಮಾರು 1.7 ಗ್ರಾಂ, ಅಗಲ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಕೃಷ್ಣದೇವರಾಯನ ನಾಣ್ಯಗಳಲ್ಲಿ ಒಂದು ಕಡೆ ಕುಳಿತ ಬಾಲಕೃಷ್ಣ, ಇನ್ನೊಂದು ಕಡೆ ನಾಗರಿ ಲಿಪಿಯಲ್ಲಿ ಮೂರು ಸಾಲಿನ “ಶ್ರೀ ಪ್ರತಾಪ ಕೃಷ್ಣರಾಯ”. ಅಚ್ಯುತರಾಯನ ನಾಣ್ಯಗಳಲ್ಲಿ ಆನೆಗಳನ್ನು ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಹಿಡಿದ ಗಂಡಭೇರುಂಡ. ಅಚ್ಚಿನ ಮೇಲೆ ಕೊರೆದ ಚಿತ್ರ ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ, ಸುತ್ತಿಗೆಯ ಒಂದು ಏಟಿಗೆ ಚಿತ್ರದ ಯಾವ ಭಾಗ ಬಿಲ್ಲೆಯ ಮೇಲೆ ಬೀಳುತ್ತದೆ, ಯಾವುದು ಆಚೆ ಉಳಿಯುತ್ತದೆ ಎಂಬುದು ಕಮ್ಮಟದ ಕೆಲಸಗಾರನ ಕೈಯ ಮೇಲೆಯೂ ಆ ಕ್ಷಣದ ಮೇಲೆಯೂ ನಿಂತಿತ್ತು. ಆದ್ದರಿಂದ ಒಂದೇ ಅಚ್ಚಿನಿಂದ ಹೊರಟ ಎರಡು ನಾಣ್ಯಗಳು ಕೂಡ ಒಂದೇ ರೀತಿ ಇರುವುದಿಲ್ಲ. ಒಂದರಲ್ಲಿ ಹಕ್ಕಿಯ ಎಡಗಡೆಯ ಆನೆ ಪೂರ್ತಿ ಇದ್ದರೆ, ಇನ್ನೊಂದರಲ್ಲಿ ಬಲಗಡೆಯದು ಇರುತ್ತದೆ.

ಟಿಪ್ಪುವಿನ ತಾಮ್ರದ ಪೈಸೆಯದೂ ಇದೇ ಕಥೆ. ಆನೆ ಒಂದು ಕಡೆ, ಟಂಕಸಾಲೆಯ ಹೆಸರು ಇನ್ನೊಂದು ಕಡೆ. ಶ್ರೀರಂಗಪಟ್ಟಣದ್ದಾದರೆ ಪಟ್ಟಣ್ ಎಂದೂ, ಬಿದನೂರಿನದ್ದಾದರೆ ನಗರ್ ಎಂದೂ ಇರುತ್ತದೆ. ಟಿಪ್ಪು ತಾನೇ ರೂಢಿಗೆ ತಂದ ಮೌಲೂದಿ ಶಕೆಯ ವರ್ಷಗಳು 1215ರಿಂದ, ಅಂದರೆ ಕ್ರಿಸ್ತಶಕ 1787ರ ಹೊತ್ತಿನಿಂದ ಈ ನಾಣ್ಯಗಳಲ್ಲಿ ಕಾಣಿಸಿಕೊಳ್ಳುತ್ತವೆ, ಮತ್ತು ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಶ್ರೀರಂಗಪಟ್ಟಣದ ಸ್ಮಾರಕಗಳ ಬಳಿ ಪ್ರವಾಸಿಗರ ಹಿಂದೆ ಬಂದು, ಅಂಗೈ ಬಿಚ್ಚಿ ಟಿಪ್ಪುವಿನ ನಾಣ್ಯವೆಂದು ತೋರಿಸುವವರನ್ನು ನಾನು ಕಂಡಿದ್ದೇನೆ. ಆ ಅಂಗೈಯಲ್ಲಿದ್ದ ಆನೆಗಳೆಲ್ಲ ಸೊಂಡಿಲಿನಿಂದ ಬಾಲದವರೆಗೆ ಪೂರ್ತಿಯಾಗಿದ್ದವು, ಎಲ್ಲವೂ ಒಂದೇ ಹೆಜ್ಜೆ ಎತ್ತಿದ್ದವು. ಈಗ ಅದೇ ಆನೆಗಳು ಫೋನಿನ ಪರದೆಯ ಮೇಲೆ ಬಂದಿವೆ.

ಹೀಗೆಂದ ಮಾತ್ರಕ್ಕೆ, ಪೂರ್ತಿ ಮುದ್ರೆಯಿರುವ ನಾಣ್ಯವೆಲ್ಲ ನಕಲಿಯೆಂದೂ ಅರೆಬರೆ ಇರುವುದೆಲ್ಲ ಅಸಲೆಂದೂ ಯಾರೂ ತಿಳಿಯಬಾರದು. ಸೊಗಸಾಗಿ ಮುದ್ರೆ ಬಿದ್ದ ಅಸಲಿ ನಾಣ್ಯಗಳೂ ಇವೆ, ಅವಕ್ಕೆ ಹರಾಜಿನಲ್ಲಿ ಹೆಚ್ಚಿನ ಬೆಲೆಯೂ ಬರುತ್ತದೆ. ನಕಲಿಗಾರರೂ ಈಚೆಗೆ ಚಿತ್ರವನ್ನು ಬೇಕೆಂದೇ ಓರೆಯಾಗಿ ಕೂರಿಸುವುದನ್ನು ಕಲಿತಿದ್ದಾರೆ. ಪೂರ್ಣತೆ ಕಂಡಾಗ ಸಂಶಯ ಹುಟ್ಟಬೇಕು ಎಂದಷ್ಟೇ ನನ್ನ ಮಾತು. ಸಂಶಯ ಹುಟ್ಟಿದ ಮೇಲೆ ಮಾಡಬೇಕಾದ ಕೆಲಸ ಬೇರೆ ಇದೆ, ಮತ್ತು ಅದರಲ್ಲಿ ತುಂಬ ಕೆಲಸಕ್ಕೆ ಬರುವುದು ಅವಳಿ ನಾಣ್ಯವನ್ನು ಹುಡುಕುವುದು. ಎರಕದ ನಕಲಿಗೆ ಒಂದು ಅಸಲಿ ನಾಣ್ಯವೇ ಮಾದರಿಯಾಗಿರುತ್ತದೆ. ಆ ಅಸಲಿನ ಮೇಲೆ ನೂರಾರು ವರ್ಷಗಳಲ್ಲಿ ಬಿದ್ದ ಗೀರು, ಕುಳಿ, ತುಂಡಾದ ಅಂಚು ಎಲ್ಲವೂ ಪ್ರತಿಯೊಂದು ಎರಕದಲ್ಲಿಯೂ ಅದೇ ಜಾಗದಲ್ಲಿ ಮೂಡುತ್ತವೆ. ಸುತ್ತಿಗೆಯ ಏಟಿನಿಂದ ಹುಟ್ಟಿದ ಎರಡು ನಾಣ್ಯಗಳಿಗೆ ಒಂದೇ ಜಾಗದಲ್ಲಿ ಒಂದೇ ಆಕಾರದ ಗಾಯ ಆಗಲಾರದು. ಮಾರಾಟಕ್ಕಿರುವ ನಾಣ್ಯದ ಚಿತ್ರವನ್ನು ಅಂತರ್ಜಾಲದಲ್ಲಿ ಚಿತ್ರಶೋಧಕ್ಕೆ ಕೊಟ್ಟು ನೋಡಿದರೆ, ಅದರ ಒಡಹುಟ್ಟುಗಳು ಬೇರೆ ಬೇರೆ ಮಾರಾಟಗಾರರ ಬಳಿ ಸಿಕ್ಕಿಬೀಳುವುದುಂಟು. ಕೆಲವೊಮ್ಮೆ ಇನ್ನೊಂದು ಬಗೆಯ ಮೋಸವೂ ಹೊರಬರುತ್ತದೆ: ಚಿತ್ರ ಯಾವುದೋ ಹರಾಜು ಮನೆಯ ಹಳೆಯ ಕ್ಯಾಟಲಾಗಿನಿಂದ ಕದ್ದದ್ದಾಗಿದ್ದು, ಆ ನಾಣ್ಯ ಎಂದೋ ಬೇರೆಯವರ ಪಾಲಾಗಿರುತ್ತದೆ.

ತಕ್ಕಡಿ, ನೀರು, ಅಂಚು

ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನವೊಂದರಲ್ಲಿ, ಹಲವು ವರ್ಷಗಳ ಹಿಂದೆ, ವಯಸ್ಸಾದ ವ್ಯಾಪಾರಿಯೊಬ್ಬರ ಮೇಜಿನ ಮುಂದೆ ನಾನು ನಿಂತಿದ್ದೆ. ಮೇಜಿನ ಮೇಲಿದ್ದ ವಿಕ್ಟೋರಿಯಾ ರೂಪಾಯಿಯೊಂದರ ಬೆಲೆ ಕೇಳಿದೆ. ಅವರು ಬೆಲೆ ಹೇಳಲಿಲ್ಲ. ನಾಣ್ಯವನ್ನು ನನ್ನ ಅಂಗೈಗೆ ಹಾಕಿ, ಪಕ್ಕದಲ್ಲಿದ್ದ ಪುಟ್ಟ ತಕ್ಕಡಿಯನ್ನೂ ಭೂತಗನ್ನಡಿಯನ್ನೂ ನನ್ನ ಕಡೆಗೆ ಸರಿಸಿ, “ಕೊಳ್ಳೋದು ಬಿಡೋದು ಆಮೇಲೆ ಸಾರ್, ಮೊದಲು ಅಂಚು ನೋಡಿ” ಎಂದರು. ಬಳಿಕ ಇನ್ನೊಂದು ರೂಪಾಯಿಯನ್ನು ಡಬ್ಬಿಯಿಂದ ತೆಗೆದು ಕೊಟ್ಟರು. ಅದು ನಕಲಿ, ಕಲಿಸುವುದಕ್ಕೆಂದೇ ಇಟ್ಟುಕೊಂಡದ್ದು. ಎರಡನ್ನೂ ಎರಡು ಕೈಯಲ್ಲಿ ಹಿಡಿದಾಗ ವ್ಯತ್ಯಾಸ ಕಣ್ಣಿಗಿಂತ ಮೊದಲು ಕೈಗೆ ತಿಳಿಯಿತು. ನಕಲಿಯ ಅಂಚಿನಲ್ಲಿ ಸುತ್ತಲೂ ಒಂದು ಸಣ್ಣ ಗೆರೆ ಓಡಿತ್ತು, ಎರಕದ ಎರಡು ಅರ್ಧಗಳು ಕೂಡಿದ ಜಾಗ ಅದು. ಆ ಗೆರೆಯನ್ನು ಅರದಿಂದ ಉಜ್ಜಿ ಮರೆಸಲು ನೋಡಿದ ಗುರುತುಗಳೂ ಗಾಜಿನಡಿ ಕಂಡವು. ಅಕ್ಷರಗಳ ಬದಿಗಳು ಚೂಪಾಗಿ ಏಳುವ ಬದಲು ಮೆತ್ತಗೆ ದುಂಡಾಗಿದ್ದವು, ಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿದ್ದವು. ಅರ್ಧ ಗಂಟೆಯ ಆ ಪಾಠಕ್ಕೆ ನಾನು ಇಂದಿಗೂ ಋಣಿ.

ಅವರು ಹೇಳಿಕೊಟ್ಟದ್ದರಲ್ಲಿ ತೂಕದ ವಿಷಯ ಎಲ್ಲರ ಕೈಗೂ ಎಟಕುವಂಥದ್ದು. 1835ರಿಂದ 1939ರವರೆಗಿನ ಬ್ರಿಟಿಷ್ ಭಾರತದ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿಯ ಪಾಲು ನೂರಕ್ಕೆ 91.7, 1940ರಿಂದ ಬೆಳ್ಳಿ ನೂರಕ್ಕೆ 50ಕ್ಕೆ ಇಳಿಯಿತು. ಆ ಹಳೆಯ ಬೆಳ್ಳಿಯ ಸಾಂದ್ರತೆ ನೀರಿನ ಹತ್ತು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಸುಮಾರು 10.3. ನಕಲಿಗೆ ಬಳಸುವ ಜರ್ಮನ್ ಸಿಲ್ವರ್ ಮುಂತಾದ ಬಿಳಿ ಲೋಹಗಳದ್ದು ಒಂಬತ್ತಕ್ಕೂ ಕಡಿಮೆ. ಹಾಗಾಗಿ ಅದೇ ಅಗಲ, ಅದೇ ದಪ್ಪದ ನಕಲಿ ರೂಪಾಯಿ ಹತ್ತು ಗ್ರಾಂನ ಆಸುಪಾಸಿನಲ್ಲಿ ನಿಲ್ಲುತ್ತದೆ. ತೂಕ ಸರಿಮಾಡಲು ಹೋದರೆ ದಪ್ಪವಾಗುತ್ತದೆ. ತೂಕವೂ ದಪ್ಪವೂ ಒಟ್ಟಿಗೆ ಸರಿಯಿರಬೇಕಾದರೆ ಲೋಹ ಸರಿಯಿರಲೇಬೇಕು. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಕ್ಕಡಿಯ ಮೇಲಿಟ್ಟ ನೀರಿನ ಲೋಟದಲ್ಲಿ ತಳ ಮುಟ್ಟದಂತೆ ಮುಳುಗಿಸಿ ಹಿಡಿದರೆ, ತಕ್ಕಡಿ ತೋರಿಸುವ ಹೆಚ್ಚಳವೇ ನಾಣ್ಯ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಬೆಳ್ಳಿಯ ರೂಪಾಯಿಗೆ ಆ ಹೆಚ್ಚಳ ಸುಮಾರು 1.13 ಗ್ರಾಂ, ಆದ್ದರಿಂದ 0.01 ಗ್ರಾಂವರೆಗೆ ತೂಗುವ ಸಾಧಾರಣ ತಕ್ಕಡಿ ಸಾಕು. ಅರ್ಧ ವರಹಕ್ಕೆ ಇದೇ ತಕ್ಕಡಿಯನ್ನು ನಂಬಬಾರದು. ಅದು ಸರಿಸುವ ನೀರು ಒಂದು ಗ್ರಾಂನ ಹತ್ತನೆಯ ಒಂದು ಭಾಗದಷ್ಟು ಮಾತ್ರ, ತಕ್ಕಡಿ 0.01 ಗ್ರಾಂ ತಪ್ಪಿದರೂ ಉತ್ತರ ನೂರಕ್ಕೆ ಹತ್ತರಷ್ಟು ತಪ್ಪುತ್ತದೆ. ಹಿತ್ತಾಳೆಯನ್ನು ಹಿಡಿಯಲು ಅಷ್ಟು ಸಾಕು, ಬೆಳ್ಳಿ ಬೆರೆಸಿದ ಚಿನ್ನವನ್ನು ಅಸಲಿನಿಂದ ಬೇರ್ಪಡಿಸಲು ಸಾಲದು. ಚಿನ್ನದ ಹಗುರ ನಾಣ್ಯಕ್ಕೆ 0.001 ಗ್ರಾಂ ತೂಗುವ ತಕ್ಕಡಿಯೇ ಬೇಕು, ಇಲ್ಲವೇ ಪರಿಚಯದ ಅಕ್ಕಸಾಲಿಗರ ಬಳಿ ಹೋಗಬೇಕು.

ಕಿಲುಬಿನ ಬಗ್ಗೆ ಒಂದು ಮಾತು ಹೇಳಲೇಬೇಕು. ತಾಮ್ರದ ನಾಣ್ಯದ ಮೇಲಿನ ಹಸಿರು ಕಿಲುಬನ್ನು ಕಂಡರೆ ಹಳೆಯದೆಂದು ನಂಬುವವರು ಬಹಳ. ರಾಸಾಯನಿಕಗಳಲ್ಲಿ ಅದ್ದಿದರೆ ಹೊಸ ತಾಮ್ರಕ್ಕೂ ಹಸಿರು ಬರುತ್ತದೆ. ವ್ಯತ್ಯಾಸವಿರುವುದು ಸವೆತಕ್ಕೂ ಬಣ್ಣಕ್ಕೂ ಇರುವ ಸಂಬಂಧದಲ್ಲಿ. ನೂರಾರು ಕೈಗಳಲ್ಲಿ ಓಡಾಡಿದ ನಾಣ್ಯದಲ್ಲಿ ಎತ್ತರದ ಭಾಗಗಳು, ಅಂದರೆ ರಾಣಿಯ ಕೆನ್ನೆ, ಆನೆಯ ಬೆನ್ನು, ಮೊದಲು ಸವೆದು ನುಣುಪಾಗಿರುತ್ತವೆ. ತಗ್ಗುಗಳಲ್ಲಿ ಕಪ್ಪು ಗಟ್ಟಿಯಾಗಿ ಕೂತಿರುತ್ತದೆ. ಕೃತಕವಾಗಿ ಮುಪ್ಪು ಬರಿಸಿದ ನಾಣ್ಯದಲ್ಲಿ ಎತ್ತರ ತಗ್ಗು ಎಲ್ಲವೂ ಸಮನಾಗಿ ಮಂಕಾಗಿರುತ್ತವೆ, ಸವೆತ ಇರಬಾರದ ಜಾಗದಲ್ಲಿ ಇರುತ್ತದೆ. ಇದನ್ನು ಒಳ್ಳೆಯ ಚಿತ್ರದಲ್ಲಿ ಕೂಡ ಗುರುತಿಸಬಹುದು, ಕಣ್ಣು ಪಳಗಿರಬೇಕು. ಬೆಳ್ಳಿ ರೂಪಾಯಿಗಳ ಮೇಲೆ ಚಿನಿವಾರರು ಪರೀಕ್ಷೆಗೆಂದು ಕುಟ್ಟಿದ ಸಣ್ಣ ಗುರುತುಗಳಿದ್ದರೆ ಹೊಸಬರು ಕೆಟ್ಟ ನಾಣ್ಯವೆಂದು ಬದಿಗಿಡುತ್ತಾರೆ. ಅಂದವನ್ನೇ ಕೊಳ್ಳುವವರಿಗೆ ಅದು ಸರಿ ಇರಬಹುದು. ನನಗಂತೂ ಆ ಗುರುತುಗಳ ಮೇಲೆ ಪ್ರೀತಿ. ನಕಲಿಯ ಭಯ ನಮ್ಮ ಕಾಲದ್ದಲ್ಲ, ಅಂದಿನ ಪೇಟೆಯಲ್ಲಿಯೂ ಒಬ್ಬ ಮನುಷ್ಯ ಇದೇ ನಾಣ್ಯವನ್ನು ಸಂಶಯದಿಂದ ತಿರುಗಿಸಿ ನೋಡಿ, ಒಪ್ಪಿ, ಮುಂದಕ್ಕೆ ಕಳಿಸಿದ್ದಾನೆ.

ಮಾರುವವರನ್ನು ಕೇಳಬೇಕಾದದ್ದು

ಈ ಪರೀಕ್ಷೆಗಳೆಲ್ಲ ನಾಣ್ಯ ಕೈಯಲ್ಲಿದ್ದಾಗ. ಪರದೆಯ ಮೇಲೆ ತಕ್ಕಡಿಯೂ ಇಲ್ಲ, ನೀರೂ ಇಲ್ಲ, ಅಂಚಂತೂ ಕಾಣುವುದೇ ಇಲ್ಲ. ಎರಡು ಮುಖಗಳ ಎರಡು ಚಿತ್ರ ಹಾಕಿ ಬೆಲೆ ಬರೆಯುವುದು ಅಂತರ್ಜಾಲದ ರೂಢಿಯಾಗಿದೆ, ನಕಲಿಯ ಗುಟ್ಟನ್ನು ಅಡಗಿಸಿಕೊಳ್ಳುವ ಮೂರನೆಯ ಮುಖವನ್ನು ಯಾರೂ ತೋರಿಸುವುದಿಲ್ಲ. ಆದ್ದರಿಂದ ಕೇಳಬೇಕು. ಒಮ್ಮೆ ಅಚ್ಯುತರಾಯನ ಗಂಡಭೇರುಂಡದ ಅರ್ಧ ವರಹವೊಂದನ್ನು ನೋಡಿ, ಅದರ ಮಾರಾಟಗಾರನಿಗೆ ಸಂದೇಶ ಬರೆದೆ. ತೂಕವೆಷ್ಟು ಎಂದು ಕೇಳಿದರೆ ಒಂದೂವರೆ ಗ್ರಾಂ ಇರಬಹುದು ಎಂಬ ಉತ್ತರ ಬಂತು. ಚಿನ್ನ ಮಾರುವವನಿಗೆ ತೂಕ ‘ಇರಬಹುದು’ ಆಗಿರುವುದು ಸಾಧ್ಯವೇ? ತಕ್ಕಡಿಯ ಮೇಲೆ ನಾಣ್ಯವನ್ನಿಟ್ಟು, ಪಕ್ಕದಲ್ಲಿ ಅಂದಿನ ದಿನಾಂಕ ಬರೆದ ಚೀಟಿಯನ್ನಿಟ್ಟು ಚಿತ್ರ ತೆಗೆದು ಕಳುಹಿಸಿ, ಅಂಚಿನದ್ದೊಂದು ಚಿತ್ರವೂ ಇರಲಿ ಎಂದು ಕೇಳಿಕೊಂಡೆ. ಅದಕ್ಕೆ ಉತ್ತರವಾಗಿ ಬಂದದ್ದು ಕಥೆ. ನಾಣ್ಯ ಅವನ ತಾತನಿಗೆ ಹೊಲ ಉಳುವಾಗ ಮಡಕೆಯಲ್ಲಿ ಸಿಕ್ಕಿತಂತೆ, ಮನೆಯಲ್ಲಿ ಕಷ್ಟ ಇಲ್ಲದಿದ್ದರೆ ಮಾರುತ್ತಲೇ ಇರಲಿಲ್ಲವಂತೆ, ಇನ್ನೊಬ್ಬರು ಸಂಜೆಯೊಳಗೆ ಹಣ ಹಾಕುತ್ತೇನೆಂದಿದ್ದಾರಂತೆ. ಅಷ್ಟು ಹೊತ್ತಿಗೆ ಅದೇ ಹಕ್ಕಿಯ ರೆಕ್ಕೆಯ ಕೆಳಗೆ ಅದೇ ಕುಳಿಯಿರುವ ಇನ್ನೊಂದು ನಾಣ್ಯ ಬೇರೊಂದು ತಾಣದಲ್ಲಿ ನನಗೆ ಸಿಕ್ಕಿತ್ತು. ನಾನು ಅಲ್ಲಿಗೆ ಮಾತು ನಿಲ್ಲಿಸಿದೆ.

ಹೊಲದಲ್ಲಿ ಸಿಕ್ಕಿತು ಎಂಬ ಮಾತನ್ನು ನಾವು ಇನ್ನೂ ಒಂದು ಕಾರಣಕ್ಕೆ ಗಟ್ಟಿಯಾಗಿ ವಿಚಾರಿಸಬೇಕು. ಅದು ಸುಳ್ಳಾದರೆ ನಾಣ್ಯವೂ ನಕಲಿಯಾಗಿರಬಹುದು. ನಿಜವಾದರೆ ಅದು ನಿಧಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆಯ ಕಾಲದಿಂದಲೂ ಕಾನೂನಿದೆ. ನೂರು ವರ್ಷ ಮೀರಿದ ನಾಣ್ಯಗಳನ್ನು 1972ರ ಪುರಾತನ ವಸ್ತುಗಳ ಕಾಯ್ದೆ ಪುರಾತನ ವಸ್ತುಗಳೆಂದೇ ಎಣಿಸುತ್ತದೆ, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಹೊರದೇಶದಲ್ಲಿರುವ ಕನ್ನಡಿಗ ಸ್ನೇಹಿತರು ಇಲ್ಲಿಂದ ಅಂಚೆಯಲ್ಲಿ ಹಳೆಯ ನಾಣ್ಯ ತರಿಸಿಕೊಳ್ಳುವ ಆಸೆಯನ್ನು ಬರೆದಾಗಲೆಲ್ಲ ನಾನು ಇದನ್ನು ನೆನಪಿಸುತ್ತೇನೆ. ಒಂದು ಮಡಕೆ ನಾಣ್ಯ ಒಟ್ಟಿಗೆ ಸಿಕ್ಕಾಗ, ಯಾವ ದೊರೆಯ ಯಾವ ನಾಣ್ಯ ಯಾವುದರ ಜೊತೆಗಿತ್ತು ಎಂಬುದರಿಂದ ಇತಿಹಾಸಕಾರರಿಗೆ ಎಷ್ಟೋ ತಿಳಿಯುತ್ತದೆ. ಒಂದೊಂದಾಗಿ ಮಾರಿಹೋದರೆ ಆ ತಿಳಿವು ಶಾಶ್ವತವಾಗಿ ಅಳಿಯುತ್ತದೆ.

ಎಲ್ಲ ಪ್ರಶ್ನೆಗಳಿಗೂ ಸರಿಯಾದ ಉತ್ತರ ಬಂದರೂ ಮುಗಿಯದ ಸಂದರ್ಭಗಳಿವೆ. ಆರನೆಯ ಜಾರ್ಜನ 1939ರ ಬೆಳ್ಳಿ ರೂಪಾಯಿ ಈ ಹವ್ಯಾಸದ ದೊಡ್ಡ ಅಪರೂಪಗಳಲ್ಲಿ ಒಂದು. ಅದಕ್ಕೆ ಹೋಲಿಸಿದರೆ 1938ರ ರೂಪಾಯಿ ಸುಲಭವಾಗಿ ಸಿಗುತ್ತದೆ. ಆದ್ದರಿಂದ 8ನ್ನು ಕೆರೆದು, ತಿದ್ದಿ, 9 ಮಾಡುವವರಿದ್ದಾರೆ. ಅಂತಹ ನಾಣ್ಯಕ್ಕೆ ತೂಕ ಸರಿ, ಬೆಳ್ಳಿ ಸರಿ, ಅಂಚು ಸರಿ, ಸವೆತವೂ ಸಹಜ, ಏಕೆಂದರೆ ಒಂದು ಅಂಕಿಯ ಹೊರತು ಅದೆಲ್ಲ ಅಸಲೇ. ಇಲ್ಲಿ ಉಳಿಯುವ ದಾರಿ ಆ ಅಂಕಿಯನ್ನು ಹತ್ತು ಪಟ್ಟು ಹಿಗ್ಗಿಸಿ ನೋಡುವುದು, ಅದರ ಸುತ್ತಲಿನ ಮೈ ಉಳಿದ ಭಾಗದಷ್ಟೇ ಸಹಜವಾಗಿದೆಯೇ ಎಂದು ಪರೀಕ್ಷಿಸುವುದು, ನಂಬಿಕಸ್ಥ ಕ್ಯಾಟಲಾಗಿನ ಚಿತ್ರದ 9ರ ಆಕಾರದೊಂದಿಗೆ ಹೋಲಿಸುವುದು. ಅಷ್ಟು ಬೆಲೆಯ ನಾಣ್ಯವನ್ನು ಅಪರಿಚಿತರಿಂದ ಪರದೆಯ ಮೇಲೆ ನೋಡಿ ಕೊಳ್ಳುವುದೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರು ಹೇಳಿಕೊಂಡು, ರಸೀದಿ ಕೊಟ್ಟು, ನಾಣ್ಯ ನಕಲಿಯೆಂದು ತಿಳಿದರೆ ಹಿಂದಕ್ಕೆ ಪಡೆಯುವ ಹರಾಜು ಮನೆಗಳು ಬೆಂಗಳೂರು, ಮುಂಬೈ, ಅಹಮದಾಬಾದಿನಲ್ಲಿವೆ; ಅವರ ಬೆಲೆ ಹೆಚ್ಚೆನಿಸಿದರೂ ಆ ಹೆಚ್ಚಳದಲ್ಲಿ ನಾಲ್ಕು ಪಳಗಿದ ಕಣ್ಣುಗಳ ಕೂಲಿಯೂ ಸೇರಿದೆ.

ಎನ್‌ಜಿಸಿ, ಪಿಸಿಜಿಎಸ್ ಮುಂತಾದ ಅಮೆರಿಕದ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ದರ್ಜೆ ಕೊಟ್ಟು, ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಮುಚ್ಚಿ, ಅದರ ಮೇಲೆ ಗುರುತಿನ ಸಂಖ್ಯೆ ಹಾಕಿ ಕೊಡುತ್ತವೆ. ಭಾರತದ ನಾಣ್ಯಗಳೂ ಈಗ ಹೀಗೆ ಮುಚ್ಚಿಕೊಂಡು ಮಾರಾಟಕ್ಕೆ ಬರುತ್ತಿವೆ. ಇದು ದೊಡ್ಡ ಅನುಕೂಲವೇ, ಆದರೆ ಹೋಲ್ಡರುಗಳನ್ನೂ ನಕಲು ಮಾಡುತ್ತಾರೆ, ಅದೂ ಅಸಲಿ ನಾಣ್ಯವೊಂದರ ಅಸಲಿ ಸಂಖ್ಯೆಯನ್ನೇ ಹಾಕಿ. ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಹಾಕಿ ನೋಡಿದರಷ್ಟೇ ಸಾಲದು. ಅಲ್ಲಿ ಚಿತ್ರವಿದ್ದರೆ ಅದರಲ್ಲಿರುವ ಗೀರು, ಕಲೆ, ಬಣ್ಣ ಮಾರಾಟಕ್ಕಿರುವ ನಾಣ್ಯದ ಮೇಲೂ ಅದೇ ಜಾಗದಲ್ಲಿವೆಯೇ ಎಂದು ಒಂದೊಂದಾಗಿ ಹೊಂದಿಸಿ ನೋಡಬೇಕು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹಳೆಯ ನಾಣ್ಯ, ನೋಟುಗಳ ವ್ಯವಹಾರಕ್ಕೆ ಶುಲ್ಕವನ್ನೋ ತೆರಿಗೆಯನ್ನೋ ಮೊದಲೇ ಕೇಳುವವರ ವಿಷಯವಂತೂ ಒಂದೇ ಸಾಲಿನದ್ದು. ಅಂತಹ ಯಾವ ವ್ಯವಹಾರವನ್ನೂ ತಾನು ನಡೆಸುವುದಿಲ್ಲ, ನಡೆಸಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಪ್ರಕಟಣೆ ಕೊಟ್ಟಿದೆ.

ನಕಲಿ ಮುಂದಕ್ಕೆ ಹೋಗುವ ದಾರಿ

ಹೊಸದಾಗಿ ಹವ್ಯಾಸಕ್ಕೆ ಬರುವ ಹುಡುಗರು ಹುಡುಗಿಯರು ಎಲ್ಲಿಂದ ಶುರುಮಾಡಲಿ ಎಂದು ಕೇಳಿದಾಗ ನಾನು ಚಿನ್ನದ ಹೆಸರನ್ನೇ ಎತ್ತುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸುಗಳನ್ನು ನೋಡಿ ಎನ್ನುತ್ತೇನೆ. ಮೇಲೆ ಕನ್ನಡ ಅಕ್ಷರಗಳಿವೆ, ನಮ್ಮದೇ ಲಿಪಿ, ಓದುತ್ತ ಓದುತ್ತ ಅಚ್ಚು ಕೊರೆದವನ ಕೈಯ ಪರಿಚಯವಾಗುತ್ತದೆ. ಸವೆದ ನಾಣ್ಯಗಳು ದುಬಾರಿಯೂ ಅಲ್ಲ. ನಂಬಿಕಸ್ಥರಿಂದ ಇಂತಹ ಕೆಲವನ್ನು ಕೊಂಡು, ತೂಗಿ, ಅಂಚು ಸವರಿ, ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡುತ್ತ ಹೋದರೆ, ಅಸಲಿನ ಸ್ವಭಾವ ಬೆರಳುಗಳಿಗೆ ಇಳಿಯುತ್ತದೆ. ಮೈಸೂರು, ಬೆಂಗಳೂರಿನ ಪ್ರದರ್ಶನಗಳಲ್ಲಿ ಹಿರಿಯ ಸಂಗ್ರಹಕಾರರು ಕೇಳಿದವರಿಗೆ ಬೇಸರವಿಲ್ಲದೆ ಹೇಳಿಕೊಡುತ್ತಾರೆ. ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದ ಗ್ರಂಥವನ್ನು ಗ್ರಂಥಾಲಯದಲ್ಲಿ ಕೂತು ಓದಲು ಒಂದು ರೂಪಾಯಿಯೂ ಖರ್ಚಿಲ್ಲ.

ಆದರೆ ಕೊಳ್ಳುವವರ ಎಚ್ಚರವೊಂದರಿಂದಲೇ ಇದು ನಿಲ್ಲುವಂಥದ್ದಲ್ಲ. ಮೋಸಹೋದವರಲ್ಲಿ ಅನೇಕರು ಹಾಕಿದ ಹಣವಾದರೂ ಬರಲಿ ಎಂದು ಅದೇ ನಾಣ್ಯವನ್ನು, ಅದೇ ಚಿತ್ರದೊಂದಿಗೆ, ಮತ್ತೆ ಮಾರಾಟಕ್ಕಿಡುತ್ತಾರೆ. ಒಳ್ಳೆಯ ಮನುಷ್ಯರೂ ಹೀಗೆ ಮಾಡುವುದನ್ನು ಕಂಡು ನನಗೆ ನೋವಾಗಿದೆ. ಒಂದು ಎರಕ ಹತ್ತು ಮನೆ ಸುತ್ತುವುದು ಹೀಗೆಯೇ. ಅಮೆರಿಕದಲ್ಲಿ 1973ರಿಂದ ಒಂದು ಕಾನೂನಿದೆ: ಹಳೆಯ ನಾಣ್ಯಗಳ ಪ್ರತಿಕೃತಿ ತಯಾರಿಸುವವರು ಅದರ ಮೇಲೆ ಅಳಿಸಲಾಗದಂತೆ ‘ಕಾಪಿ’ ಎಂದು ಒತ್ತಲೇಬೇಕು. ಪ್ರತಿಕೃತಿ ಮಾಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಶಾಲೆಯ ಮಕ್ಕಳಿಗೆ ಗಂಡಭೇರುಂಡದ ವರಹ ಹೇಗಿತ್ತೆಂದು ತೋರಿಸಲು ಹಿತ್ತಾಳೆಯ ಪ್ರತಿ ಬಹಳ ಉಪಯುಕ್ತ, ದೇವರ ಮನೆಯ ರಾಮನ ಬಿಲ್ಲೆಗೂ ಯಾರ ಆಕ್ಷೇಪವಿಲ್ಲ. ಅವುಗಳ ಮೇಲೆ ‘ಪ್ರತಿ’ ಎಂಬ ಎರಡಕ್ಷರವನ್ನು ಒತ್ತಬೇಕು, ನಮ್ಮ ಸರ್ಕಾರ ಅದನ್ನು ಕಡ್ಡಾಯ ಮಾಡಬೇಕು, ನಾಣ್ಯ ಮಾರುವ ತಾಣಗಳು ತೂಕವನ್ನೂ ಅಂಚಿನ ಚಿತ್ರವನ್ನೂ ಹಾಕದ ಮಾರಾಟಕ್ಕೆ ಜಾಗ ಕೊಡಬಾರದು. ಅದಾಗುವವರೆಗೆ ನನ್ನ ಕೈಗೆ ಬಂದ ನಕಲಿಗಳನ್ನು ನಾನು ಬೇರೆ ಡಬ್ಬಿಯಲ್ಲಿಟ್ಟು, ಪ್ರತಿಯೊಂದರ ಲಕೋಟೆಯ ಮೇಲೂ ಅದರ ತೂಕ, ಅದು ಸಿಕ್ಕ ಬಗೆ, ನಕಲಿಯೆಂದು ತಿಳಿದ ಕಾರಣ ಇವನ್ನು ಶಾಯಿಯಲ್ಲಿ ಬರೆದಿಡುತ್ತಿದ್ದೇನೆ. ಕಲಿಯಲು ಬಂದವರಿಗೆ ಆ ಡಬ್ಬಿಯನ್ನೇ ಮೊದಲು ಕೊಡುತ್ತೇನೆ.